ಶಂಭುಲಿಂಗಪ್ಪನ ಬಾಣಂತಿ ಕಾರು

ಸಂಶಿಯ ಶಂಭುಲಿಂಗಪ್ಪನಿಗೆ ಸುಳ್ಳು ಹೇಳುವ ಚಟವಿರಲಿಲ್ಲ. ಮಾತು ಮೊದಲು ಆಡಿಬಿಟ್ಟು, ಆಮೇಲೆ ಅದನ್ನು ನಿಜ ಮಾಡಲು ಊರೆಲ್ಲ ಓಡಾಡುವ ಚಟ ಮಾತ್ರ ಇತ್ತು. ಬೀಜ, ಗೊಬ್ಬರದ ಅಂಗಡಿ ನಡೆಸುವವನಿಗೆ ಇದು ಅಂಥ ದೊಡ್ಡ ದೋಷವೇನಲ್ಲ. ಆದರೆ ಮಗಳನ್ನು ಕೊಟ್ಟ ಮನೆಯಲ್ಲಿ, ಬಸುರಿಗೆ ಮಾಡುವ ಕುಬಸದ ದಿನ, ಊರ ಹೆಣ್ಣುಮಕ್ಕಳೆಲ್ಲ ಕುಂತಿದ್ದಾಗ ಬಾಯಿ ಜಾರಿದರೆ ಕತೆ ಬೇರೆಯಾಗುತ್ತದೆ.

ಮಗಳು ಗೌರಕ್ಕನನ್ನು ಕಲಘಟಗಿ ಕಡೆಯ ದೇವಿಕೊಪ್ಪಕ್ಕೆ ಕೊಟ್ಟಿದ್ದ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತೇ. ಆದರೂ ಬೀಗತಿ ನೀಲಕ್ಕ ಸೊಸೆಗೆ ಹಸಿರು ಬಳೆ ಇಡಿಸುತ್ತ, ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಅಲ್ರಿ ಬೀಗರ, ನಮ್ಮ ಕಡೆ ರಸ್ತಾ ನೋಡೀರಿಲ್ಲೋ? ಬಸ್ಸಿನ್ಯಾಗ ಕುಂತ್ರ ಗಟ್ಟಿ ಗಂಡಸರ ಹಲ್ಲ ಉದರತಾವ. ಬಸರ ಹೆಣಮಗಳ್ನ ಹೆಂಗ ಕಳಸೂದ್ರಿ? ಚೊಚ್ಚಲ ಇಲ್ಲೇ ಆಗ್ಲಿ ಬಿಡ್ರಿ."

"ಬಸ್ಸ್ಯಾಕ್ರಿ?" ಅಂದ ಶಂಭುಲಿಂಗಪ್ಪ. "ನನ್ನ ಮಗಳನ್ನ ನನ್ನ ಸ್ವಂತ ಕಾರಿನ್ಯಾಗ ಕರಕೊಂಡ ಹೋಗತೇನಿ. ಒಳಗ ಕುಂತಾಕಿಗೆ ಗಾಡಿ ಹೊಂಟೈತೋ ನಿಂತೈತೋ ಅನ್ನೂದ ತಿಳೀಬಾರ್ದು. ಹಂಗ!"

ಉಂಡಿ ಬಾಯಿಗಿಡುತ್ತಿದ್ದ ಹೆಂಗಸರ ಕೈ ಅಲ್ಲಲ್ಲೇ ನಿಂತವು. ಎಲ್ಲರಿಗಿಂತ ಹೆಚ್ಚು ಬೆರಗಾದವಳು ಅವನ ಹೆಂಡತಿ ಗುರವ್ವ. ಏಕೆಂದರೆ ಮನೆಯಲ್ಲಿದ್ದದ್ದು ಒಂದು ಸೈಕಲ್ಲು, ಮತ್ತು ಕಾಕಾನ ಟ್ರ್ಯಾಕ್ಟರಿನಲ್ಲಿ ಅರ್ಧ ಪಾಲು. ಕಾರು ಎಂಬ ಶಬ್ದವನ್ನು ಆಕೆ ಗಂಡನ ಬಾಯಿಂದ ಕೇಳಿದ್ದೇ ಅವತ್ತು.

ಮಾತು ಆಡಿ ಆಗಿತ್ತು. ಇನ್ನು ಓಡಾಟ. ಹುಬ್ಬಳ್ಳಿಯ ಡಾಕ್ಟರೊಬ್ಬರು ತಮ್ಮ ಹಳೆ ಬಿಳಿ ಕಾರು ಮಾರುತ್ತಾರೆಂದು ಗೊತ್ತಾಗಿ ಶಂಭುಲಿಂಗಪ್ಪ ಹೋದ. ಡಾಕ್ಟರು ಬುದ್ಧಿವಂತರು, ಮಟಮಟ ಮಧ್ಯಾಹ್ನವೇ ಬನ್ನಿ ಎಂದಿದ್ದರು. ಬಿಸಿಲಿಗೆ ಕಾಯ್ದು ನಿಂತಿದ್ದ ಕಾರು ಕೀಲಿ ತಿರುವಿದ ಕೂಡಲೇ ಬೆಕ್ಕಿನ ಹಾಗೆ ಗುರುಗುಟ್ಟಿತು. ಟ್ರ್ಯಾಕ್ಟರು ಹೊಡೆದು ರೂಢಿಯಿದ್ದ ನಮ್ಮವನಿಗೆ ಆ ಮೆತ್ತನೆ ಸಪ್ಪಳ ಕೇಳಿ ಕಣ್ಣು ತುಂಬಿ ಬಂತು. ಊರಿಗೆ ತಂದು, ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಓಣಿಗೆಲ್ಲ ಬೆಲ್ಲ ಹಂಚಿದ.

ಎಳ್ಳ ಅಮಾವಾಸ್ಯೆ ಕಳೆದು ಚಳಿ ಅಗದಿ ಜೋರಾಗಿದ್ದ ಕಾಲ ಅದು. ಮರುದಿನ ಮುಂಜಾನೆ, ಓಣಿಯ ಮಂದಿ ಹಲ್ಲುಜ್ಜುತ್ತ ನಿಂತಿದ್ದ ಹೊತ್ತಿನಲ್ಲಿ, ಅವರೆಲ್ಲ ನೋಡಲಿ ಎಂದೇ ಶಂಭುಲಿಂಗಪ್ಪ ಕಾರು ಚಾಲೂ ಮಾಡಿದ.

ಕಾರು ಮೊದಲು ಕೆಮ್ಮಿತು. ಆಮೇಲೆ ಗಡಗಡ ನಡುಗಿತು. ಮುಂದಿನ ದೀಪಗಳು, ಹಿಂದಿನ ನಂಬರ್ ಪಟ್ಟಿ, ಬಾಗಿಲು, ಕಿಡಕಿ, ಒಳಗೆ ಕುಂತ ಮಾಲಕ, ಎಲ್ಲವೂ ಬೇರೆ ಬೇರೆ ತಾಳದಲ್ಲಿ ನಡುಗಿದವು. ಬಾನೆಟ್ಟಿನ ಮೇಲಿದ್ದ ತೆಂಗಿನ ಹೋಳು ಉರುಳಿ ಬಿತ್ತು. ಬಾಜೂಮನಿಯ ಮುದಕಪ್ಪನ ಎತ್ತು ಹಗ್ಗ ಹರಿದುಕೊಂಡು ಕೆರೆ ಕಡೆ ಓಡಿತು. ಕಾರು ಒಮ್ಮೆ ಸತ್ತು, ಮತ್ತೆ ಹುಟ್ಟಿ, ಮತ್ತೆ ನಡುಗಿ, ಕೊನೆಗೆ ಎಂಜಿನ್ನು ಕಾಯ್ದ ಮೇಲೆ ತಾನಾಗಿಯೇ ಶಾಂತವಾಯಿತು. ಆದರೆ ಅಷ್ಟರೊಳಗೆ ನೋಡುವ ಮಂದಿಯೆಲ್ಲ ಎತ್ತಿನ ಬೆನ್ನು ಹತ್ತಿ ಹೋಗಿದ್ದರು. ಹೀಗಾಗಿ ಕಾರು ನಡುಗಿದ್ದನ್ನು ಊರೆಲ್ಲ ನೋಡಿತು, ಸುಮ್ಮನಾದದ್ದನ್ನು ಶಂಭುಲಿಂಗಪ್ಪ ಒಬ್ಬನೇ ನೋಡಿದ.

ಎತ್ತು ಹಿಡಿದುಕೊಂಡು ಬಂದ ಮುದಕಪ್ಪ ಸಿಟ್ಟು ಮಾಡಲಿಲ್ಲ. ಜಾನುವಾರಿನ ಜಡ್ಡು ಪಾರಖ ಮಾಡುವುದರಲ್ಲಿ ಸುತ್ತಲಿನ ಹಳ್ಳಿಗೆಲ್ಲ ಹೆಸರಾದವನು ಅವನು. ಕಾರಿನ ಸುತ್ತ ಸಾವಕಾಶ ತಿರುಗಿದ, ಪಕ್ಕೆಗೆ ಅಂಗೈಯಿಂದ ತಟ್ಟಿದ, ಬಗ್ಗಿ ಹೊಟ್ಟೆಯ ಕೆಳಗೆ ನೋಡಿದ.

"ಚಳಿ ಹಿಡದೈತಿ," ಅಂದ. "ಅರಿಷಿಣ, ಬೆಲ್ಲ, ಅಜವಾನ ಕುದಿಸಿ, ಬಿದರ ಗೊಟ್ಟದಾಗ ತುಂಬಿ ಬಾಯಾಗ ಹಾಕ್ರಿ. ಸಂಜೀತನ ಮೇವು ತಿಂತೈತಿ."

"ಗೊಟ್ಟ ಹಾಕೂದು ಯಾವ ಬಾಯಾಗೋ ಮುದಕಪ್ಪ?"

"ಅದನ್ನ ನೀವ ನೋಡಬೇಕ್ರಿ. ಕೊಂಡವರ ನೀವು."

ಶಂಭುಲಿಂಗಪ್ಪ ಯಾರ ಮಾತನ್ನೂ ತೆಗೆದುಹಾಕುವವನಲ್ಲ. ಗೊಟ್ಟ ಒಂದನ್ನು ಬಿಟ್ಟು ಉಳಿದ ಸಲಹೆಗಳನ್ನೆಲ್ಲ ನಡೆಸಿದ. ಪಂಪಸೆಟ್ಟು ರಿಪೇರಿಯ ಬಾಬಾಸಾಬನನ್ನು ಕರೆಸಿದ. ಬಾಬಾಸಾಬ ಡೀಸೆಲ್ ಎಂಜಿನ್ನಿನ ಹೊರತು ಬೇರೆ ಎಂಜಿನ್ನನ್ನು ಎಂಜಿನ್ನು ಎಂದೇ ಒಪ್ಪುತ್ತಿರಲಿಲ್ಲ.

"ಪೆಟ್ರೋಲ್ ಅಂದ್ರ ಸಾಹೇಬ ಮಂದಿ ಎಂಜಿನ್ನರಿ. ಮುಂಜೇಲೆ ಲಗೂ ಏಳಂಗಿಲ್ಲ," ಎಂದು ಬಾನೆಟ್ಟಿನೊಳಗೆ ತಲೆ ಹಾಕಿದ. "ಆದ್ರ ಅಲಗಾಡತೈತಿ ಅಂದ್ರ ಏನರ್ಥ? ಎಲ್ಲೋ ನಟ್ಟು ಸಡಲ ಆಗೈತಿ ಅಂತ ಅರ್ಥ."

ಯಾವ ನಟ್ಟು ಎಂದು ಹುಡುಕುವ ಗೋಜಿಗೆ ಹೋಗದೆ ಕಣ್ಣಿಗೆ ಬಿದ್ದ ನಟ್ಟುಗಳನ್ನೆಲ್ಲ ಜೀವ ಹೋಗುವ ಹಾಗೆ ಬಿಗಿದ. ಮರುದಿನ ಮುಂಜಾನೆ ಅದರ ಫಲ ಕಂಡಿತು. ಮೊದಲು ಬಿಡಿಬಿಡಿಯಾಗಿ ನಡುಗುತ್ತಿದ್ದ ಕಾರು ಈಗ ಒಕ್ಕಟ್ಟಿನಿಂದ ನಡುಗಿತು. ಗೇರು ಹಾಕದೆಯೇ ಇಷ್ಟಿಷ್ಟೇ ಕುಪ್ಪಳಿಸುತ್ತ ಮುಂದೆ ಹೋಗಿ ಮುದಕಪ್ಪನ ಕಟ್ಟೆಗೆ ಮೂಗು ತಾಗಿಸಿ ನಿಂತಿತು. ಬಾಗಿಲು ತೆರೆಯಲಿಲ್ಲ. ಶಂಭುಲಿಂಗಪ್ಪ ಕಿಡಕಿಯಿಂದ ಇಳಿದ.

ಇಂಥ ಸುದ್ದಿಗೆ ಬಸ್ಸಿನ ಚಾರ್ಜು ಬೇಕಿಲ್ಲ, ಕಂಡಕ್ಟರರೇ ಪುಕ್ಕಟೆ ಒಯ್ಯುತ್ತಾರೆ. ದೇವಿಕೊಪ್ಪಕ್ಕೆ ಒಯ್ದರು, ಅಲ್ಲಿಂದ ಉತ್ತರವನ್ನೂ ತಂದರು. ಅಂಗಡಿಯ ಮುಂದೆ ಗಿರಾಕಿಗಳೆಲ್ಲ ನಿಂತಿದ್ದಾಗ ಕಂಡಕ್ಟರ್ ಬಸ್ಸಿನ ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿದ:

"ಸಾವಕಾರ್ರ! ಚಳಿಜ್ವರ ಬಂದ ಗಾಡ್ಯಾಗ ನಮ್ಮ ಸೊಸಿನ್ನ ಕೂಡಸಂಗಿಲ್ಲ, ಬೀಗರು ತ್ರಾಸ ತಗೋಬಾರ್ದು ಅಂತ ನೀಲಕ್ಕಾರ ಹೇಳ್ಯಾರ್ರಿ!"

ಅವತ್ತು ಮನೆಗೆ ಬಂದರೆ ಗುರವ್ವ ಮಗಳ ಬಾಣಂತನಕ್ಕೆಂದು ಹಳೇ ಸೀರೆಗಳಿಂದ ಹೊಲಿದ ಕೌದಿಯನ್ನು ಮಡಚಿ ಟ್ರಂಕಿನೊಳಗೆ ಇಡುತ್ತಿದ್ದಳು. ಬೈದಿದ್ದರೆ ಶಂಭುಲಿಂಗಪ್ಪನಿಗೆ ಊಟ ಸೇರುತ್ತಿತ್ತು. ಅವನಿಗೆ ತನ್ನ ಮೇಲೆ ನಾಚಿಕೆಯಾಯಿತು. ನೋವು ತಿನ್ನುವ ಹೊತ್ತಿಗೆ ಗೌರಕ್ಕ 'ಯವ್ವಾ' ಎಂದು ಕೂಗಿದರೆ ಅಲ್ಲಿ ಓ ಎನ್ನುವವರು ಯಾರು? ಸುಮ್ಮನಿದ್ದಿದ್ದರೆ ಬೀಗತಿಗೆ ನಾಲ್ಕು ಮೆತ್ತನೆ ಮಾತಾಡಿ ಬಸ್ಸಿನಲ್ಲೋ ಬಾಡಿಗೆ ಗಾಡಿಯಲ್ಲೋ ಕರೆತರಬಹುದಿತ್ತು. ಈಗ ಅದೂ ಇಲ್ಲ, ಕಾರೇ ಪಂಥಕ್ಕೆ ಬಿದ್ದಿತ್ತು.

ಗುರವ್ವ ಸುಮ್ಮನಿದ್ದರೂ ಸುಮ್ಮನೆ ಕೂಡಲಿಲ್ಲ. ಮರುದಿನ ನಸುಕಿನಲ್ಲಿ ಊರ ಸೂಲಗಿತ್ತಿ ಮೈಲಾರವ್ವನನ್ನು ಕರೆದುಕೊಂಡು ಬಂದಳು. ಸಂಶಿಯಲ್ಲಿ ಅರ್ಧ ಊರನ್ನು ಭೂಮಿಗೆ ಇಳಿಸಿದವಳು ಮೈಲಾರವ್ವ. ಆ ಹಕ್ಕಿನಿಂದ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಿದ್ದಳು.

"ಚಾಲೂ ಮಾಡೋ," ಅಂದಳು.

ಕಾರು ನಡುಗಿತು. ಮೈಲಾರವ್ವ ದವಡೆಯ ತಂಬಾಕು ಆ ಕಡೆಯಿಂದ ಈ ಕಡೆಗೆ ದಾಟಿಸಿ ತೀರ್ಪು ಕೊಟ್ಟಳು. "ಇದಕ್ಕ ತಣಸ ಆಗೈತಿ. ಹಸೀ ಬಾಣಂತಿ ನಡಗಿದಂಗ ನಡಗಾಕತ್ತೈತಿ. ಬಾಣಂತಿಗೆ ಮಾಡಿದ್ದ ಇದಕ್ಕೂ ಮಾಡ್ರಿ. ಗುರವ್ವಾ, ಬೆಂಕಿ ಕೆಂಡ ತಾ."

ಗುರವ್ವ ಕಬ್ಬಿಣದ ಬುಟ್ಟಿಯ ತುಂಬ ಕೆಂಡ ತಂದು, ಮೇಲೆ ಅಜವಾನ ಉದುರಿಸಿ, ಬಾಣಂತಿಯ ಹೊರಸಿನ ಕೆಳಗೆ ಸರಿಸುವ ಹಾಗೆ ಕಾರಿನ ಕೆಳಗೆ ಸರಿಸಿಯೇಬಿಟ್ಟಳು.

"ಯವ್ವಾ! ಪೆಟ್ರೋಲ ಐತಿ ಬೇ ಒಳಗ!" ಶಂಭುಲಿಂಗಪ್ಪ ಎಂಜಿನ್ನು ಆರಿಸಿ ಹಾರಿ ಬಂದು, ಕೆಂಡದ ಬುಟ್ಟಿ ಎತ್ತಿಕೊಂಡು, ಅದು ಕೈ ಸುಡುತ್ತದೆ ಎಂಬುದು ನೆನಪಾಗುವ ಮೊದಲೇ ಓಣಿಯ ತುದಿ ಮುಟ್ಟಿದ್ದ. ತಿರುಗಿ ಬಂದಾಗ ಕಾರಿನ ಬಾನೆಟ್ಟು ಎತ್ತಿ ಎಂಜಿನ್ನಿಗೆ ಕೌದಿ ಹೊಚ್ಚಿಯಾಗಿತ್ತು. ಮೈಲಾರವ್ವ ಅದರೊಳಗೆ ಮೊಣಕೈತನಕ ಕೈ ಹಾಕಿ ತಡಕಾಡುತ್ತಿದ್ದಳು.

"ಇನ್ನೊಮ್ಮೆ ಚಾಲೂ ಮಾಡೋ. ಹಾಂ, ಇಲ್ಲಿ ನೋಡ! ಇಲ್ಲಿಂದ ಉಸರ ಎಳಕೊಳ್ಳಾಕತ್ತೈತಿ. ಇದ ಮೂಗ ಇದರದು. ಇಷ್ಟ ತಣ್ಣನ ಗಾಳಿ ಸೀದಾ ಎದಿಗೆ ಹೋದ್ರ ಯಾರ ನಡಗಂಗಿಲ್ಲ?" ಎಂದವಳೇ ಗುರವ್ವ ದೇವರ ಬತ್ತಿಗೆ ಇಟ್ಟಿದ್ದ ಅರಳೆಯನ್ನು ಹಿಂಜಿ, ಉಂಡೆ ಮಾಡಿ, ಗಾಳಿ ಹೋಗುವ ಆ ಸೊಂಡಿಲಿಗೆ ತುರುಕಿದಳು.

ಕಾರಿನ ನಡುಕ ನಿಂತಿತು.

ಹಲ್ಲುಜ್ಜುತ್ತಿದ್ದ ಮಂದಿಯ ಬೇವಿನ ಕಡ್ಡಿಗಳೂ ನಿಂತವು. ಬೆಕ್ಕಿನ ಗುರುಗುರು ಮತ್ತೆ ಕೇಳಿಸಿತು. ಮುದಕಪ್ಪ ಮಾತ್ರ ತನ್ನ ಅರಿಷಿಣ ಬೆಲ್ಲ ಕೊಟ್ಟಿದ್ದರೂ ಇದೇ ಆಗುತ್ತಿತ್ತು ಎಂದ.

ಮೋಟಾರಿನ ವಿದ್ಯೆ ಬಲ್ಲವರು ಇಲ್ಲಿಗೆ ನಗಲು ಸುರುಮಾಡಿರಬೇಕು. ಪೆಟ್ರೋಲ್ ಕಾರಿಗೆ ಚೋಕ್ ಎಂಬ ಗುಂಡಿ ಇರುತ್ತಿತ್ತು. ತಣ್ಣಗಿದ್ದಾಗ ಅದನ್ನು ಎಳೆದರೆ ಎಂಜಿನ್ನಿಗೆ ಹೋಗುವ ಗಾಳಿ ಕಡಿಮೆಯಾಗಿ, ಪೆಟ್ರೋಲಿನ ಪಾಲು ಹೆಚ್ಚಾಗಿ, ನಡುಕ ನಿಲ್ಲುತ್ತಿತ್ತು. ಕಾಯ್ದ ಮೇಲೆ ಗುಂಡಿಯನ್ನು ಒಳಗೆ ದಬ್ಬಬೇಕು. ಡಾಕ್ಟರರ ಕಾರಿನಲ್ಲಿ ಆ ಗುಂಡಿಯ ತಂತಿ ಎಂದೋ ತುಂಡಾಗಿತ್ತು. ಟ್ರ್ಯಾಕ್ಟರಿಗೆ ಅಂಥ ಗುಂಡಿ ಇರಲಿಲ್ಲವಾದ್ದರಿಂದ ಶಂಭುಲಿಂಗಪ್ಪನಿಗೆ ಅದು ಗೊತ್ತಿರಲಿಲ್ಲ. ಮೈಲಾರವ್ವನ ಅರಳೆ ಆ ತಂತಿಯ ಕೆಲಸ ಮಾಡಿತು ಎಂಬುದು ಮೈಲಾರವ್ವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಆಕೆ ಒಪ್ಪುತ್ತಿರಲಿಲ್ಲ.

ಅಂದೇ ಶಂಭುಲಿಂಗಪ್ಪ ಮೈಲಾರವ್ವನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ದೇವಿಕೊಪ್ಪದ ದಾರಿ ಹಿಡಿದ. ಕುಂದಗೋಳ ದಾಟುವುದರೊಳಗೆ ಕಾರು ಕರೀ ಹೊಗೆ ಕಾರಿತು, ಬಿಕ್ಕಿತು, ನಡುರಸ್ತೆಯಲ್ಲಿ ಸತ್ತು ನಿಂತಿತು. ಇವನು ಸ್ಟೇರಿಂಗಿನ ಮೇಲೆ ತಲೆ ಇಟ್ಟು ಕುಂತ. ಮೈಲಾರವ್ವ ಇಳಿದು ಬಾನೆಟ್ಟು ಮುಟ್ಟಿ ನೋಡಿದಳು.

"ಬೆವತೈತಲ್ಲೋ ಹುಚ್ಚಾ! ಬಿಸಲ ಏರಿದ ಮ್ಯಾಲೂ ಬಾಣಂತಿ ಕಿವ್ಯಾಗ ಅರಳಿ ಇಟ್ಟಕೊಂಡ ಕುಂದರತಾಳೇನ? ತಗಿ."

ತೆಗೆದ. ಕಾರು ಓಡಿತು. ತಣ್ಣಗಿದ್ದಾಗ ಇಡಬೇಕು, ಕಾಯ್ದಾಗ ತೆಗೆಯಬೇಕು. ಇಷ್ಟು ವಿದ್ಯೆ ಸಿಕ್ಕಿದ್ದೇ ಶಂಭುಲಿಂಗಪ್ಪ ದೇವಿಕೊಪ್ಪದತನಕ ಹಾಡು ಗುನುಗಿದ.

ಮಧ್ಯಾಹ್ನ ಬೀಗರ ದೊಡ್ಡ ವಾಡೆಮನೆಯ ಮುಂದೆ ಬಂದು ನಿಂತ ಕಾರು ಅಳ್ಳಾಡಲಿಲ್ಲ. ನೀಲಕ್ಕ ತಾನೇ ಒಳಗೆ ಕುಂತು ನೋಡಿದಳು, ಇಳಿದು ಹೊರಗೆ ನಿಂತು ನೋಡಿದಳು. ಹೆಸರಿಡಲು ಒಂದು ತಪ್ಪೂ ಸಿಗಲಿಲ್ಲ. ಆದರೆ ಆಕೆ ಅಷ್ಟಕ್ಕೆ ಬಿಡುವವಳಲ್ಲ.

"ಈಗೇನೋ ಛಲೋ ಐತಿ. ನಡಗೂದು ಮುಂಜೇಲೆ ಅಂತಲ್ಲ? ಬಸರಿನ್ನ ಕಳಸೂದಾದ್ರ ಸೂರ್ಯ ಹುಟ್ಟೂ ಹೊತ್ತಿಗೆ ಕಳಸ್ರಿ ಅಂತ ಮಠದ ಅಯ್ಯನೋರು ಅಂದಾರ. ನಾಳೆ ಅವಾಗ ನೋಡೂಣು. ಗಾಡಿ ಗಡಗಡ ಅಂತೋ, ನಮ್ಮ ಸೊಸಿ ಇಳದ ಬಿಡತಾಳ. ಆಮ್ಯಾಲ ಎರಡನೇ ಮಾತ ಬ್ಯಾಡ."

"ಆಗ್ಲಿ ತಗೋರಿ!" ಅಂದ ಶಂಭುಲಿಂಗಪ್ಪ. ಬಾಯಿ ಮತ್ತೆ ಮುಂದೆ ಓಡಿತ್ತು.

ಗೌರಕ್ಕ ಅಪ್ಪನಿಗೆ ನೀರು ಕೊಡುವ ನೆಪದಲ್ಲಿ ಹತ್ತಿರ ಬಂದು ಮೆಲ್ಲಗೆ ಅಂದಳು. "ಅಪ್ಪಾ, ಅತ್ತಿ ಛಲೋ ನೋಡಕೋತಾರ. ಇಲ್ಲಾ ಅನ್ನಂಗಿಲ್ಲ. ಆದ್ರ ನನಗ ಅವ್ವನ ಬಾಜೂಕ ಮಲಗಬೇಕಾಗೇತಿ. ಅಂಜಿಕಿ ಬರತೈತಿ. ಹೆಂಗರ ಮಾಡಿ ಕರಕೊಂಡ ಹೋಗು."

ದೇವಿಕೊಪ್ಪ ಅಡವಿಯ ಅಂಚಿನ ಊರು. ಅಲ್ಲಿಯ ಚಳಿಯ ಮುಂದೆ ಸಂಶಿಯ ಚಳಿ ಚಳಿಯೇ ಅಲ್ಲ. ಮುಂಜಾನೆ ಕಾರಿನ ಮೈತುಂಬ ಮಂಜು ಕುಂತಿತ್ತು. ಕಾರಿಗೆ ಜಡ್ಡು ಇರುವುದು ಬೀಗತಿಗೆ ತಿಳಿಯಬಾರದಲ್ಲ. ಅದಕ್ಕೆ ಮೈಲಾರವ್ವ ಕುಂಕುಮದ ಬಟ್ಟಲು ಹಿಡಿದು, "ಎಂಜಿನ್ನಿಗೆ ಪೂಜಿ ಮಾಡತೇನಿ" ಎಂದು ಬಾನೆಟ್ಟಿನೊಳಗೆ ಬಗ್ಗಿ, ಸೆರಗಿನ ಮರೆಯಲ್ಲಿ ಅರಳೆ ತುರುಕಿ ಬಂದಳು. ಶಂಭುಲಿಂಗಪ್ಪ ಶಿವ ಶಿವಾ ಎಂದು ಕೀಲಿ ತಿರುವಿದ.

ಗುರ್ ಎಂದಿತು. ನಡುಗಲಿಲ್ಲ.

ನೀಲಕ್ಕನ ಹುಬ್ಬು ಮೇಲೇರಿತು. "ಶಿವನ ಇಚ್ಛಾ. ಹತ್ತ ತಂಗಿ," ಅಂದಳು. ಗೌರಕ್ಕ ಹತ್ತಿ ಕುಂತಳು. ಅಲ್ಲಿಗೆ ಹೊರಟುಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬಸುರಿ ಸೊಸೆಯನ್ನು ಉಡಿ ತುಂಬದೆ ಕಳಿಸುವ ಮನೆ ನಮ್ಮ ಸೀಮೆಯಲ್ಲಿ ಎಲ್ಲಿದೆ? ನೀಲಕ್ಕ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಕುಪ್ಪಸದ ಕಣ ತುಂಬಿದಳು. ಆಮೇಲೆ ನೀಲಕ್ಕನ ನೆಗೆಣ್ಣಿ ತುಂಬಿದಳು. ಆಮೇಲೆ ಬಾಜೂಮನಿಯವಳು. ಆಕೆಯ ಅತ್ತೆ ಕಣ್ಣು ಕಾಣದ ಮುದುಕಿ, ಆಕೆಯನ್ನು ಕೈಹಿಡಿದು ಕರೆತರುವುದಕ್ಕೇ ಒಂದು ಹೊತ್ತು ಹಿಡಿಯಿತು.

ಎಂಜಿನ್ನು ಕಾಯ್ದು ಬಿಸಿಯಾಗುತ್ತಿತ್ತು. ಆರಿಸಿದರೆ ಮತ್ತೆ ಹುಟ್ಟುವ ಭರವಸೆ ಇಲ್ಲ. ಅರಳೆ ತೆಗೆಯಹೋದರೆ ಗುಟ್ಟು ಹೊರಬೀಳುತ್ತದೆ. ಶಂಭುಲಿಂಗಪ್ಪನಿಗೆ ಆ ಚಳಿಯಲ್ಲಿ ಬೆವರು ಬಂತು.

"ಲಗೂ ಮಾಡ್ರಿ ನೀಲಕ್ಕಾರ..."

"ಹೆಣಮಗಳ್ನ ಕಳಸೂ ಮುಂದ ಲಗೂ ಅಂದ್ರೇನ್ರಿ? ಆಕಿ ಏನ್ ಹತ್ತೀ ತುಂಬಿದ ಅಂಡಗೀನ, ಎತ್ತಿ ಒಗದ ಹೋಗಾಕ? ಏ, ಸೋಬಾನ ಹಾಡ್ರೆ ಯಾರರ!"

ಸೋಬಾನ ಸುರುವಾಯಿತು. ಹಾಡಿದವರು ಅತ್ತರು, ಅತ್ತವರು ಮತ್ತೆ ಹಾಡಿದರು. ಕಾರಿನ ಹಿಂದಿನಿಂದ ಕರೀ ಹೊಗೆ ಎದ್ದು ಇಲಕಲ್ಲ ಸೀರೆಗಳ ಮೇಲೆ ಕುಂತಿತು. ಮೈಲಾರವ್ವ ಮತ್ತೆ ಕುಂಕುಮದ ಬಟ್ಟಲು ಹಿಡಿದು ಮುಂದೆ ನುಗ್ಗಿದಳು. ನೀಲಕ್ಕ ಅಡ್ಡ ನಿಂತಳು.

"ಎಷ್ಟ ಸಲ ಕುಂಕುಮ ಹಚ್ಚತೀ ಬೇ ಅದಕ್ಕ? ಗಾಡಿ ಮದವಿ ಮಾಡತೀಯೇನ?"

ಅಷ್ಟರಲ್ಲಿ ಕಾರು ಬಿಕ್ಕಿತು. ಮತ್ತೆ ಬಿಕ್ಕಿತು. ಆಮೇಲೆ ಎಲ್ಲರ ಕಣ್ಣೆದುರು, ಉಡಿಯ ಅಕ್ಕಿ ಸೀಟಿನ ಮೇಲೆ ಉದುರುವ ಹಾಗೆ ಗಡಗಡ ನಡುಗಿತು.

ಹಾಡು ನಿಂತಿತು.

"ಇಳಿ ತಂಗಿ ಕೆಳಗ!" ಅಂದಳು ನೀಲಕ್ಕ.

ಗೌರಕ್ಕ ಇಳಿಯಲಿಲ್ಲ. ಬಾಗಿಲಿನ ಹಿಡಿಕೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಅಪ್ಪನ ಮುಖ ನೋಡಿದಳು. ಶಂಭುಲಿಂಗಪ್ಪನಿಗೆ ಆ ನೋಟ ತಡೆಯಲಾಗಲಿಲ್ಲ. ಇಳಿದು, ಹೋಗಿ ಬಾನೆಟ್ಟು ಎತ್ತಿ, ಎಲ್ಲರೆದುರಿಗೆ ಕಾರಿನ ಮೂಗಿನಿಂದ ಕಪ್ಪಾದ ಅರಳೆಯ ಉಂಡೆ ಎಳೆದು ತೆಗೆದ. ಕಾರು ಒಂದು ದೊಡ್ಡ ಉಸಿರು ಬಿಟ್ಟು ಸುಮ್ಮನೆ ಗುರುಗುಟ್ಟಿತು. ಅದನ್ನು ನೋಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು.

"ನೀಲಕ್ಕಾರ, ಈ ಗಾಡಿಗೆ ಏನಾಗೈತಿ ನನಗ ಗೊತ್ತಿಲ್ರಿ," ಅಂದ. ಜೀವಮಾನದಲ್ಲಿ ಮೊದಲ ಸಲ ಅವನ ಮಾತು ಸಾವಕಾಶ ಹೊರಟಿತ್ತು. "ತಣ್ಣಗಿದ್ದಾಗ ನಡಗತೈತಿ. ಅರಳಿ ಇಟ್ರ ನಿಲ್ಲತೈತಿ. ಕಾಯ್ದ ಮ್ಯಾಲ ತಗೀಬೇಕು. ಇಷ್ಟ ನನಗ ತಿಳದದ್ದು. ಮಗಳು ಮನೀಗೆ ಬರಲಿ ಅಂತ ಅವತ್ತ ದೊಡ್ಡ ಮಾತ ಆಡಿದೆ. ತಪ್ಪಾತು. ನೀವು ಬ್ಯಾಡಂದ್ರ ನಾ ಏನೂ ಅನ್ನಂಗಿಲ್ಲ. ಖಾಲಿ ಗಾಡಿ ಹೊಡಕೊಂಡ ಹೋಗತೇನಿ."

ಆಮೇಲೆ ಕೇಳಿದ ನೀಲಕ್ಕನ ದನಿ ಆಕೆಯದೇ ಅನ್ನಿಸಲಿಲ್ಲ.

"ಖಾಲಿ ಅನ್ನಬ್ಯಾಡ್ರಿ."

ಹೆಂಗಸರು ಮುಖ ಮುಖ ನೋಡಿಕೊಂಡರು.

"ನನ್ನ ಚೊಚ್ಚಲಕ್ಕ ನಮ್ಮಪ್ಪ ಚಕ್ಕಡಿ ಕಟ್ಟಕೊಂಡ ಬಂದಿದ್ದ. ಜಗ್ಗ ಹುಲ್ಲ ಹಾಸಿ, ಮ್ಯಾಲ ಕೌದಿ ಹಾಸಿ ತಂದಿದ್ದ. ಚಕ್ಕಡಿ ಅಲಗಾಡತೈತಿ, ಕಳಸಂಗಿಲ್ಲ ಅಂದ್ರು ನಮ್ಮತ್ತಿ. ನಮ್ಮಪ್ಪ ಎದರ ಮಾತಾಡಲಿಲ್ಲ. ಇದ ಬಾಗಲದಿಂದ ಖಾಲಿ ಚಕ್ಕಡಿ ಹೊಡಕೊಂಡ ಹೋದ. ಆ ಚಕ್ಕಡಿ ಸಪ್ಪಳ ಊರ ಅಗಸಿ ದಾಟೂತನ ಒಳಗ ನಿಂತ ಕೇಳಿದೆ ನಾ." ನೀಲಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮತ್ತಿ ಅಂದ ಮಾತ ನನ್ನ ಬಾಯಾಗ ಹೆಂಗ ಬಂತೋ ಶಿವನ ಬಲ್ಲ."

ಅಷ್ಟು ಹೇಳಿ ಸರ್ರನೆ ತಿರುಗಿ ಮನೆಯೊಳಗೆ ಹೋದಳು. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಗೌರಕ್ಕ ಅಳುತ್ತಿದ್ದಳು. ಶಂಭುಲಿಂಗಪ್ಪ ಅರಳೆ ಹಿಡಿದುಕೊಂಡೇ ನಿಂತಿದ್ದ. ನೀಲಕ್ಕ ಹೊರಗೆ ಬಂದಾಗ ಬಗಲಲ್ಲಿ ಬಟ್ಟೆಯ ಗಂಟು ಇತ್ತು, ಕೈಯಲ್ಲಿ ಅಂಟಿನುಂಡಿಯ ಡಬ್ಬಿ ಇತ್ತು. ಸೀದಾ ಬಂದು ಮುಂದಿನ ಸೀಟಿನಲ್ಲಿ ಕುಂತು ಬಾಗಿಲು ಹಾಕಿಕೊಂಡಳು.

"ನೀವೆಲ್ಲಿಗ್ರಿ?" ಎಂದ ಶಂಭುಲಿಂಗಪ್ಪ.

"ಸಂಶಿಗಿ. ಸೊಸಿ ಹಡಿಯೂತನ ಅಲ್ಲೇ ಇರತೇನಿ. ಯಾಕ, ನಿಮ್ಮ ಮನ್ಯಾಗ ಒಂದ ಹೊರಸ ಹೆಚ್ಚಿಗಿ ಇಲ್ಲೇನು?"

"ಬೇಕಾದಷ್ಟ ಅದಾವ್ರಿ!" ಎಂದುಬಿಟ್ಟ ಶಂಭುಲಿಂಗಪ್ಪ. ಮನೆಯಲ್ಲಿದ್ದದ್ದು ಎರಡೇ ಹೊರಸು.

ಕಾರು ಹೊರಟಿತು. ಹಿಂದೆ ಗೌರಕ್ಕ ಅಳುವುದೋ ನಗುವುದೋ ತಿಳಿಯದೆ ಮೈಲಾರವ್ವನ ಭುಜಕ್ಕೆ ಒರಗಿದ್ದಳು. ಊರ ಬಾಗಿಲಿನ ಅಗಸಿಯ ಹತ್ತಿರ ಬಂದಾಗ ನೀಲಕ್ಕ ಕಣ್ಣು ಒರೆಸಿಕೊಂಡು ಅಂಗೈ ಚಾಚಿದಳು.

"ಆ ಅರಳಿ ಇಲ್ಲಿ ಕೊಡ್ರಿ ಬೀಗರ. ನೀವು ಎಲ್ಲೆರ ಕಳೀತೀರಿ."

ಶಂಭುಲಿಂಗಪ್ಪ ಕೊಟ್ಟ. ನೀಲಕ್ಕ ಆ ಮಸಿ ಅರಳೆಯನ್ನು ತನ್ನ ಹೊಸ ಇಲಕಲ್ಲ ಸೀರೆಯ ಸೆರಗಿನ ತುದಿಗೆ ಕಟ್ಟಿಕೊಂಡು, ಗಂಟು ಬಿಗಿಯಾಯಿತೇ ಎಂದು ಎಳೆದು ನೋಡಿದಳು.